ಜಾಂಗೊ ರೈನ್‌ಹಾರ್ಟ್ ಮತ್ತು ಆತನ ಗಿಟಾರು

ಜೀವನ ಚರಿತ್ರೆಯೆಂದರೆ ರಾಜ್ಯ ಕಟ್ಟಿದವರು, ಧರ್ಮ ಬೋಧಿಸಿದವರು, ವಿಜ್ಞಾನದಲ್ಲಿ ಹೊಸದನ್ನು ಕಂಡುಹಿಡಿದವರು, ಇಂಥವರ ಕಥೆಯೇ ಕಾಲೇಜು ಸಂಚಿಕೆಗಳಲ್ಲಿ ಹೆಚ್ಚಾಗಿ ಬರುತ್ತದೆ. ಅದು ಯುಕ್ತವೇ ಸರಿ. ಆದರೆ ಗಾಡಿಯಲ್ಲಿ ಹುಟ್ಟಿ ಗಾಡಿಯಲ್ಲೇ ಬೆಳೆದು, ಶಾಲೆಯ ಪಾಠವನ್ನು ಕಾಣದೆ, ಹದಿನೆಂಟನೆಯ ವಯಸ್ಸಿಗೆ ಎಡಗೈಯ ಎರಡು ಬೆರಳುಗಳನ್ನು ಬೆಂಕಿಗೆ ಒಪ್ಪಿಸಿ, ಉಳಿದೆರಡು ಬೆರಳುಗಳಿಂದಲೇ ಯೂರೋಪಿನ ಸಂಗೀತದಲ್ಲಿ ಹೊಸದೊಂದು ಮಾರ್ಗವನ್ನು ತೆರೆದವನ ಚರಿತ್ರೆಯೂ ವಿದ್ಯಾರ್ಥಿಗಳಾದ ನಾವು ಓದತಕ್ಕದ್ದೇ ಎಂದು ನನ್ನ ಭಾವನೆ. ಆತನ ಹೆಸರು ಜಾಂಗೊ ರೈನ್‌ಹಾರ್ಟ್. ಜನನ 1910, ಮರಣ 1953.

ಈತನ ಪರಿಚಯ ನನಗಾದದ್ದು ಒಂದು ಖರೀದಿಯ ನೆಪದಿಂದ. ನಮ್ಮೂರು ಕೆರೆಬಿಳಚಿ; ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಸಮೀಪದಲ್ಲಿದೆ. ಗಿಟಾರು ಕಲಿಯುವ ಗೀಳು ನನಗೆ ಎರಡು ವರ್ಷಗಳಿಂದ ಹತ್ತಿದೆ. ಕಾರ್ಖಾನೆಯಲ್ಲಿ ಸಾವಿರ ಲೆಕ್ಕದಲ್ಲಿ ಆಗುವ ವಾದ್ಯವನ್ನು ಬಿಟ್ಟು, ಒಬ್ಬ ಕಸುಬುದಾರ ಕುಳಿತು ಕೈಯಾರೆ ಮಾಡಿದ್ದನ್ನು ಕೊಳ್ಳಬೇಕೆಂದು ವಿಚಾರಿಸುತ್ತ ಹೋದಾಗ, ಜಿಪ್ಸಿ ಜಾಝ್ ಗಿಟಾರು ಎಂಬ ಬಗೆಯೊಂದು ಕಣ್ಣಿಗೆ ಬಿತ್ತು. ಬೆಲೆ ಕೇಳಿದ ನಮ್ಮ ತಂದೆಯವರು, ಆ ಹಣಕ್ಕೆ ಒಂದು ಜೊತೆ ಒಳ್ಳೆಯ ಎತ್ತು ಬಂದಾವು ಎಂದಷ್ಟೇ ಹೇಳಿ ಸುಮ್ಮನಾದರು. ಅವರ ಮಾತು ಸುಳ್ಳಲ್ಲ. ಹಾಗಾದರೆ ಅಷ್ಟು ಹಣ ಕೊಡುವುದು ಯಾವುದಕ್ಕೆ? ಮರಕ್ಕೋ, ಕೆಲಸಕ್ಕೋ, ಜಿಪ್ಸಿ ಎಂಬ ಹೆಸರಿಗೋ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದವನಿಗೆ ಜಾಂಗೊ ಸಿಕ್ಕಿದ.

ಮೊದಲು ಆ ಹೆಸರಿನ ವಿಚಾರ. ಜಿಪ್ಸಿ ಎಂಬುದು ಆ ಜನ ತಾವೇ ಇಟ್ಟುಕೊಂಡ ಹೆಸರಲ್ಲ. ಅವರು ಈಜಿಪ್ಟಿನಿಂದ ಬಂದವರೆಂದು ತಪ್ಪು ತಿಳಿದ ಯೂರೋಪಿನವರು ಇಟ್ಟದ್ದು. ಅವರ ಒಟ್ಟು ಜನಾಂಗಕ್ಕೆ ರೋಮಾ ಎಂದು ಹೆಸರು. ಫ್ರಾನ್ಸಿನ ಕಡೆ ಇರುವ ಒಂದು ಪಂಗಡವನ್ನು ಮನೂಷ್ ಎನ್ನುತ್ತಾರೆ. ಈ ಮಾತನ್ನು ಕೇಳಿದೊಡನೆ ಕನ್ನಡಿಗನ ಕಿವಿ ನೆಟ್ಟಗಾಗದೆ ಇರದು. ಮನೂಷ್ ಎಂದರೆ ನಮ್ಮ ಮನುಷ್ಯನೇ. ಅವರ ಭಾಷೆಯಲ್ಲಿ ನೀರಿಗೆ ಪಾನಿ, ಎರಡಕ್ಕೆ ದುಯಿ, ಹತ್ತಕ್ಕೆ ದೇಶ್. ಅವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರೆಂಬುದನ್ನು ಭಾಷಾಶಾಸ್ತ್ರಜ್ಞರು ಇಂಥ ಪದಗಳಿಂದಲೇ ಕಂಡುಕೊಂಡರು. ಪರ್ಷಿಯಾ, ಗ್ರೀಸ್ ದಾಟಿ ಯೂರೋಪನ್ನು ಸೇರಿದ ಅವರು, ಸೇರಿದ ಕಡೆಯಲ್ಲೆಲ್ಲ ಕುದುರೆ ವ್ಯಾಪಾರ, ಲೋಹದ ಕೆಲಸ, ಬುಟ್ಟಿ ಹೆಣಿಗೆ, ಸಂಗೀತ ಇವುಗಳಿಂದ ಹೊಟ್ಟೆ ಹೊರೆದುಕೊಂಡರು.

ನಮ್ಮ ಸೀಮೆಯವರಿಗೆ ಇದು ತೀರ ಅಪರಿಚಿತವಾದ ಚಿತ್ರವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಅನೇಕ ಇವೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿ ದೇಶದ ಉದ್ದಗಲಕ್ಕೂ ಸಾಗಿಸಿದ ಜನ ಅವರು. ರೋಮಾ ಜನರೂ ಲಂಬಾಣಿಗರೂ ಒಂದೇ ಎಂದು ನಾನು ಹೇಳುತ್ತಿಲ್ಲ; ಹಾಗೆ ಹೇಳಲು ಆಧಾರವಿಲ್ಲ. ಆದರೆ ಇಬ್ಬರ ಮಾತೂ ಒಂದೇ ಭಾಷಾವಂಶಕ್ಕೆ ಸೇರಿದ್ದು. ಇಬ್ಬರಿಗೂ ಒದಗಿದ ಗತಿಯಲ್ಲಿ ಮಾತ್ರ ಒಂದು ಹೋಲಿಕೆಯಿದೆ. ಬ್ರಿಟಿಷರು 1871ರಲ್ಲಿ ಮಾಡಿದ ಕಾನೂನಿನಿಂದ ಅನೇಕ ಅಲೆಮಾರಿ ಪಂಗಡಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಬಿತ್ತು. ದೇಶದ ಹಲವು ಭಾಗಗಳಲ್ಲಿ ಬಂಜಾರರೂ ಆ ಪಟ್ಟಿಗೆ ಸೇರಿದರು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಫ್ರಾನ್ಸಿನಲ್ಲಿ 1912ರ ಕಾನೂನೊಂದು, ಅಲೆಮಾರಿಗಳು ತಮ್ಮ ದೇಹದ ಅಳತೆ ಮತ್ತು ಬೆರಳಿನ ಗುರುತುಗಳಿದ್ದ ಪುಸ್ತಕವನ್ನು ಸದಾ ಜೊತೆಯಲ್ಲಿಟ್ಟುಕೊಂಡು, ಊರಿನಿಂದ ಊರಿಗೆ ಹೋದಾಗಲೆಲ್ಲ ಅಧಿಕಾರಿಗಳಿಂದ ಗುರುತು ಹಾಕಿಸಿಕೊಳ್ಳಬೇಕೆಂದು ವಿಧಿಸಿತು. ಅದು 1969ರವರೆಗೂ ಜಾರಿಯಲ್ಲಿತ್ತು. ಜಾಂಗೊ ಬಾಳಿ ಮುಗಿಸಿದ್ದು ಪೂರ್ತಿ ಇಂಥ ಕಾಲದಲ್ಲಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಬೆಲ್ಜಿಯಂ ದೇಶದ ಲಿಬರ್ಶಿ ಎಂಬ ಹಳ್ಳಿಯ ಹತ್ತಿರ ಬೀಡುಬಿಟ್ಟಿದ್ದ ಒಂದು ಗಾಡಿಯಲ್ಲಿ 1910ನೆಯ ಇಸವಿ ಜನವರಿ 23ರಂದು ಆತನ ಜನನವಾಯಿತು. ದಾಖಲೆಯಲ್ಲಿ ಜೀನ್ ಎಂದು ಹೆಸರು. ತಮ್ಮವರೊಳಗೆ ಕರೆದದ್ದು ಜಾಂಗೊ ಎಂದು. ಅವರ ಭಾಷೆಯಲ್ಲಿ ಅದಕ್ಕೆ ನಾನು ಎಚ್ಚರಗೊಳ್ಳುತ್ತೇನೆ ಎಂದು ಅರ್ಥ. ಶಿವರಾತ್ರಿಯ ಜಾಗರಣೆಯನ್ನು ಬಲ್ಲ ನಮಗೆ ಆ ಮಾತಿನ ಬೇರು ಎಲ್ಲಿಯದೆಂದು ಹೇಳಬೇಕಾಗಿಲ್ಲ. ತಂದೆ ವಾದ್ಯ ನುಡಿಸುವವನು, ತಾಯಿ ನರ್ತಕಿ. ಕುಟುಂಬ ಹಲವು ಕಡೆ ತಿರುಗಿ ಕೊನೆಗೆ ಪ್ಯಾರಿಸ್ ನಗರದ ಹಳೆಯ ಕೋಟೆಯ ಹೊರಗೆ, ಬಡವರೂ ಅಲೆಮಾರಿಗಳೂ ಗುಡಿಸಲು ಹಾಕಿಕೊಂಡಿದ್ದ ಬಯಲಿನಲ್ಲಿ ನೆಲೆಸಿತು. ಹುಡುಗ ಶಾಲೆಗೆ ಹೋಗಲಿಲ್ಲ. ತನ್ನ ಹೆಸರು ಬರೆಯುವುದನ್ನು ಕಲಿತದ್ದೇ ದೊಡ್ಡವನಾದ ಮೇಲೆ. ಸಂಗೀತದ ಲಿಪಿಯನ್ನಂತೂ ಕೊನೆಯವರೆಗೂ ಓದಲಾರದವನಾಗಿದ್ದ.

ಸುಮಾರು ಹನ್ನೆರಡು ವರ್ಷದವನಿದ್ದಾಗ ಅವನಿಗೆ ಒಂದು ಬ್ಯಾಂಜೊ ಗಿಟಾರು ದೊರೆಯಿತು. ದೊಡ್ಡವರ ಕೈಯನ್ನು ನೋಡಿ ನೋಡಿಯೇ ಕಲಿತ. ಹದಿಮೂರನೆಯ ವಯಸ್ಸಿನ ಹೊತ್ತಿಗೆ ಪ್ಯಾರಿಸಿನ ನೃತ್ಯಶಾಲೆಗಳಲ್ಲಿ ಅಕಾರ್ಡಿಯನ್ ನುಡಿಸುವವರಿಗೆ ಪಕ್ಕವಾದ್ಯದವನಾಗಿ ಸಂಪಾದನೆ ಮಾಡತೊಡಗಿದ. 1928ರಲ್ಲಿ ಅವನ ಮೊದಲ ಗ್ರಾಮೊಫೋನ್ ತಟ್ಟೆಗಳು ಬಂದಾಗ ಅವುಗಳ ಮೇಲೆ ಹೆಸರು ತಪ್ಪಾಗಿ ಅಚ್ಚಾಗಿತ್ತಂತೆ. ಅದನ್ನು ಓದಿ ತಿದ್ದುವ ಅಕ್ಷರಜ್ಞಾನ ಅವನಿಗೆ ಎಲ್ಲಿಯದು? ಆದರೂ ಕೀರ್ತಿ ಹಬ್ಬಿತು. ಇಂಗ್ಲೆಂಡಿನ ಹೆಸರಾಂತ ವಾದ್ಯಮೇಳದ ನಾಯಕ ಜ್ಯಾಕ್ ಹಿಲ್ಟನ್ ತನ್ನ ಮೇಳಕ್ಕೆ ಬರುವಂತೆ ಆಹ್ವಾನ ಕೊಟ್ಟ.

ಆ ಭಾಗ್ಯ ಕೈಗೂಡುವ ಮೊದಲೇ ದುರ್ಘಟನೆ ನಡೆಯಿತು. ಅದೇ ವರ್ಷ ನವೆಂಬರ್ ತಿಂಗಳ ಆರಂಭದ ಒಂದು ರಾತ್ರಿ, ಸಂಗೀತ ಮುಗಿಸಿ ಜಾಂಗೊ ತನ್ನ ಗಾಡಿಗೆ ಮರಳಿದ. ಹೆಂಡತಿ ಮಾರಾಟಕ್ಕೆಂದು ಮಾಡಿದ ಸೆಲ್ಯುಲಾಯ್ಡ್ ಹೂಗಳು ಗಾಡಿಯ ತುಂಬ ಇದ್ದವು. ಸೆಲ್ಯುಲಾಯ್ಡ್ ಬೆಂಕಿಯ ಕಿಡಿ ತಾಕಿದರೆ ಸಾಕು, ಭಗ್ಗನೆ ಉರಿಯುವ ಪದಾರ್ಥ. ಮೇಣದ ಬತ್ತಿಯಿಂದ ಕಿಡಿ ಹಾರಿ ಕ್ಷಣಮಾತ್ರದಲ್ಲಿ ಗಾಡಿಯೇ ಉರಿಯತೊಡಗಿತು. ಗಂಡಹೆಂಡಿರಿಬ್ಬರೂ ಹೊರಬಿದ್ದು ಜೀವ ಉಳಿಸಿಕೊಂಡರು. ಆದರೆ ಜಾಂಗೊವಿನ ಬಲಗಾಲೂ ಎಡಗೈಯೂ ಘೋರವಾಗಿ ಸುಟ್ಟಿದ್ದವು. ಕಾಲನ್ನು ಕತ್ತರಿಸಬೇಕೆಂದು ವೈದ್ಯರು ಹೇಳಿದರು. ಅವನು ಒಪ್ಪಲಿಲ್ಲ. ಕಾಲು ಉಳಿಯಿತು. ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ಮಾತ್ರ ಮುದುಡಿಕೊಂಡು ಹೋದವು.

ಗಿಟಾರು ನುಡಿಸುವವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಬಲಗೈ ಮೀಟುತ್ತದೆ, ಸ್ವರ ಹುಡುಕುವುದೆಲ್ಲ ಎಡಗೈಯ ನಾಲ್ಕು ಬೆರಳುಗಳ ಕೆಲಸ. ನಾಲ್ಕರಲ್ಲಿ ಎರಡು ಹೋದರೆ ವೀಣೆ ನುಡಿಸುವವರಿಗಾಗಲಿ ಗಿಟಾರಿನವರಿಗಾಗಲಿ ಕಸುಬೇ ಹೋದಂತೆ. ಜಾಂಗೊ ಸುಮಾರು ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ದ. ತಮ್ಮ ಜೋಸೆಫ್ ಅವನಿಗೊಂದು ಗಿಟಾರು ತಂದುಕೊಟ್ಟ. ಅಕಾರ್ಡಿಯನ್ ಮೇಳದ ಬ್ಯಾಂಜೊ ಅಲ್ಲಿಗೆ ಹಿಂದೆ ಬಿತ್ತು. ತೋರುಬೆರಳು, ನಡುಬೆರಳು ಇವೆರಡನ್ನೇ ನಂಬಿ ಅವನು ಎಲ್ಲವನ್ನೂ ಮೊದಲಿನಿಂದ ಕಲಿತ. ನಾಲ್ಕು ಬೆರಳಿನವನು ಕೈಯನ್ನು ಒಂದು ಕಡೆ ನಿಲ್ಲಿಸಿ ತಂತಿಯಿಂದ ತಂತಿಗೆ ಹೋಗುತ್ತಾನೆ. ಎರಡು ಬೆರಳಿನ ಇವನು ಕೈಯನ್ನೇ ಓಡಿಸಿಕೊಂಡು ತಂತಿಯ ಉದ್ದಕ್ಕೂ ಮೇಲೇರುವ ಕ್ರಮವನ್ನು ಮಾಡಿಕೊಂಡ. ಮುದುಡಿದ ಬೆರಳುಗಳನ್ನೂ ಸುಮ್ಮನೆ ಬಿಡಲಿಲ್ಲ. ಕೆಲವು ಸ್ವರಮೇಳಗಳಲ್ಲಿ ಕೊನೆಯ ತಂತಿಗಳನ್ನು ಅದುಮಲು ಅವುಗಳನ್ನೇ ಬಳಸಿದ. ಇಂದು ನಾಲ್ಕು ಬೆರಳೂ ನೆಟ್ಟಗಿರುವ ವಾದಕರು ಆ ಮಾರ್ಗವನ್ನು ಕಲಿಯಬೇಕಾದರೆ ಎರಡು ಬೆರಳುಗಳನ್ನು ಬೇಕೆಂದೇ ಮಡಚಿಟ್ಟು ಅಭ್ಯಾಸ ಮಾಡುವುದುಂಟು.

1931ರಲ್ಲಿ ಟೂಲೋನ್ ಪಟ್ಟಣದಲ್ಲಿ ಎಮಿಲ್ ಸಾವಿತ್ರಿ ಎಂಬ ಚಿತ್ರಕಾರನ ಮನೆಯಲ್ಲಿ ಅಮೆರಿಕದ ಕಹಳೆಗಾರ ಲೂಯಿ ಆರ್ಮ್‌ಸ್ಟ್ರಾಂಗನ ತಟ್ಟೆಗಳನ್ನು ಜಾಂಗೊ ಕೇಳಿದ. ಜಾಝ್ ಎಂಬುದು ಅಮೆರಿಕದ ನೀಗ್ರೋ ಜನರಲ್ಲಿ ಹುಟ್ಟಿದ ಸಂಗೀತ. ಒಂದು ಹಾಡಿನ ಚೌಕಟ್ಟನ್ನು ಇಟ್ಟುಕೊಂಡು ವಾದಕನು ಆ ಕ್ಷಣಕ್ಕೆ ತೋಚಿದಂತೆ ಬೆಳೆಸುತ್ತ ಹೋಗುವುದು ಅದರ ಜೀವಾಳ. ನಮ್ಮ ಮನೋಧರ್ಮ ಸಂಗೀತವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದೇಶವಿಲ್ಲದ ಒಂದು ಜನಾಂಗದ ಹುಡುಗನಿಗೆ, ದೇಶದಲ್ಲಿದ್ದೂ ಗೌರವ ಕಾಣದ ಇನ್ನೊಂದು ಜನಾಂಗದ ಸಂಗೀತ ಹೀಗೆ ದಾರಿ ತೋರಿಸಿತು.

1934ರಲ್ಲಿ ಪ್ಯಾರಿಸಿನ ಕ್ಲಾರಿಜ್ ಹೋಟೆಲಿನ ಮೇಳದಲ್ಲಿದ್ದಾಗ, ಬಿಡುವಿನ ವೇಳೆಯಲ್ಲಿ ಪರದೆಯ ಹಿಂದೆ ಜಾಂಗೊ ಗಿಟಾರು ನುಡಿಸುತ್ತಿದ್ದರೆ ಪಿಟೀಲುಗಾರ ಸ್ಟೆಫಾನ್ ಗ್ರಾಪೆಲಿ ಬಂದು ಸೇರಿಕೊಳ್ಳುತ್ತಿದ್ದ. ಆ ಆಟದಿಂದಲೇ ಹಾಟ್ ಕ್ಲಬ್ ಪಂಚಕ ಎಂಬ ಮೇಳ ಹುಟ್ಟಿತು. ಒಂದು ಪಿಟೀಲು, ಮೂರು ಗಿಟಾರು, ಒಂದು ದೊಡ್ಡ ಬಾಸ್. ಕಹಳೆಯಿಲ್ಲ, ಡ್ರಮ್ಮಿಲ್ಲ. ತಾಳದ ಕೆಲಸವನ್ನು ಜೋಸೆಫನೂ ಇನ್ನೊಬ್ಬನೂ ಗಿಟಾರಿನಿಂದಲೇ ನಡೆಸುತ್ತಿದ್ದರು. ಬರಿಯ ತಂತಿವಾದ್ಯಗಳಿಂದ ಜಾಝ್ ನುಡಿಸಬಹುದೆಂದು ಜಗತ್ತು ತಿಳಿದದ್ದು ಇವರಿಂದ. ಇದೇ ಗ್ರಾಪೆಲಿ ಮುಂದೆ 1984ರಲ್ಲಿ, ನಮ್ಮ ದೇಶದ ಪಿಟೀಲು ವಿದ್ವಾಂಸರಾದ ಎಲ್. ಸುಬ್ರಹ್ಮಣ್ಯಂ ಅವರೊಡನೆ ಕೂಡಿ ನುಡಿಸಿದ ತಟ್ಟೆಯೊಂದು ಹೊರಬಂದಿತು.

ಇನ್ನು ಗಿಟಾರಿನ ಕಥೆ. ಮೈಕು, ಆಂಪ್ಲಿಫೈಯರುಗಳು ಎಲ್ಲ ಕಡೆಗೂ ಬಾರದ ಕಾಲವದು. ಗದ್ದಲದ ಸಭೆಯಲ್ಲಿ ಗಿಟಾರಿನ ಧ್ವನಿ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಇಟಲಿಯ ಚೆಂತೊ ಎಂಬ ಊರಿನ ಮಾರಿಯೊ ಮಕ್ಕಾಫೆರಿ ಎಂಬಾತ, ಚಿಕ್ಕಂದಿನಲ್ಲೇ ವಾದ್ಯ ಮಾಡುವ ಗುರುವಿನ ಬಳಿ ಕೆಲಸಕ್ಕೆ ಸೇರಿ, ವಾದ್ಯ ಮಾಡುವುದನ್ನೂ ನುಡಿಸುವುದನ್ನೂ ಕಲಿತವನು. ಅವನು ಹೊಸದೊಂದು ಗಿಟಾರನ್ನು ರೂಪಿಸಿದ. ಪ್ಯಾರಿಸಿನಲ್ಲಿ ಸ್ಯಾಕ್ಸೊಫೋನುಗಳಿಗೆ ಹೆಸರಾಗಿದ್ದ ಸೆಲ್ಮರ್ ಸಂಸ್ಥೆ 1932ರಲ್ಲಿ ಅದನ್ನು ಮಾಡಿ ಮಾರತೊಡಗಿತು. ಮೇಲು ಹಲಗೆ ತೆಳುವಾದ ಸ್ಪ್ರೂಸ್ ಮರದ್ದು. ಅದು ಕುದುರೆಯ ಹಿಂದೆ ತುಸು ಬಾಗಿರುತ್ತದೆ. ಬೆನ್ನು ಮತ್ತು ಪಕ್ಕಗಳಿಗೆ ಬೀಟೆಮರದ ತೆಳುಹಲಗೆ. ತಂತಿ ಉಕ್ಕಿನದು. ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಲೇ ಅದು ನಿಂತಿರುತ್ತದೆ. ತಂತಿಗಳ ತುದಿ ಪಿಟೀಲಿನಲ್ಲಿರುವಂತೆ ವಾದ್ಯದ ಹಿಂತುದಿಗೆ ಹೋಗಿ ಸೇರುತ್ತದೆ. ಮೇಲಿನ ಮೆಟ್ಟುಗಳಿಗೆ ಕೈ ಹೋಗಲೆಂದು ಭುಜದ ಒಂದು ಪಕ್ಕವನ್ನು ಕತ್ತರಿಸಿದೆ. ಧ್ವನಿಯ ಬಾಯಿ ಮೊದಲು ಅರ್ಧಚಂದ್ರದಂತೆ ದೊಡ್ಡದಾಗಿತ್ತು. ಒಳಗೆ ಧ್ವನಿ ಹೆಚ್ಚಿಸಲು ಇನ್ನೊಂದು ಪೆಟ್ಟಿಗೆಯೂ ಇತ್ತು. ಅದು ಬಿಟ್ಟುಕೊಂಡು ಕರಕರ ಎನ್ನುತ್ತದೆಂದು ಅನೇಕರು ಅದನ್ನು ತೆಗೆದುಹಾಕಿಸಿದರು. ಮಕ್ಕಾಫೆರಿ ಎರಡು ವರ್ಷ ತುಂಬುವ ಮೊದಲೇ ಸೆಲ್ಮರ್ ಬಿಟ್ಟ ಮೇಲೆ ಸಂಸ್ಥೆಯವರು ಬಾಯಿಯನ್ನು ಚಿಕ್ಕ ಅಂಡಾಕಾರಕ್ಕೆ ಬದಲಾಯಿಸಿ, ತಂತಿಯ ಉದ್ದವನ್ನು ಹೆಚ್ಚಿಸಿದರು. ಜಾಂಗೊ ಬಹುಕಾಲ ನುಡಿಸಿದ್ದು ಈ ಬಗೆಯದನ್ನು. ಅದರ ಧ್ವನಿ ತುಸು ಒರಟು, ಬಹಳ ಚುರುಕು; ಗುಂಪಿನ ನಡುವಿನಿಂದ ಸೀಳಿಕೊಂಡು ಬರುತ್ತದೆ. ವಿಧಿಯ ಆಟವೆನ್ನಬೇಕು, 1933ರಲ್ಲಿ ಒಂದು ಅಪಘಾತದಲ್ಲಿ ಕೈಗೆ ಪೆಟ್ಟಾಗಿ ಮಕ್ಕಾಫೆರಿಯ ಸ್ವಂತ ಕಚೇರಿಗಳು ನಿಂತುಹೋದವು. ಕೈಕೆಟ್ಟ ಕುಶಲಿ ರೂಪಿಸಿದ ವಾದ್ಯ, ಕೈಸುಟ್ಟ ಕಲಾವಿದನಿಂದ ಪ್ರಸಿದ್ಧಿಗೆ ಬಂತು.

ಧ್ವನಿ ಮುಟ್ಟಿಸುವ ಈ ಕಷ್ಟ ನಮ್ಮಲ್ಲಿಯೂ ಇತ್ತೆಂಬುದನ್ನು ಇಲ್ಲಿ ನೆನೆಯಬಹುದು. ಮೈಸೂರಿನ ಪಿಟೀಲು ಚೌಡಯ್ಯನವರು ಮೈಕಿಲ್ಲದ ಸಭೆಗಳಲ್ಲಿ ಘನವಾದ ಶಾರೀರದ ಗಾಯಕರಿಗೆ ಸಾಟಿಯಾಗಿ ನಿಲ್ಲಲು, ನಾಲ್ಕು ತಂತಿಯ ಪಿಟೀಲಿಗೆ ಇನ್ನು ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದಿದೆ. ಸಮುದ್ರದ ಆಚೆಗೂ ಈಚೆಗೂ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಕೊನೆಯ ಸಾಲಿನಲ್ಲಿ ಕುಳಿತವನಿಗೂ ಸ್ವರ ಮುಟ್ಟಬೇಕೆಂದು ಕಲಾವಿದರೂ ಕಸುಬುದಾರರೂ ಮರವನ್ನೂ ತಂತಿಯನ್ನೂ ಹೊಸದಾಗಿ ಹೂಡುತ್ತಿದ್ದರು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಪಂಚಕ ಲಂಡನ್ನಿನಲ್ಲಿತ್ತು. ಗ್ರಾಪೆಲಿ ಅಲ್ಲಿಯೇ ಉಳಿದ, ಜಾಂಗೊ ಪ್ಯಾರಿಸಿಗೆ ಮರಳಿದ. ಮರುವರ್ಷ ಜರ್ಮನರು ಪ್ಯಾರಿಸನ್ನು ಹಿಡಿದರು. ಹಿಟ್ಲರನ ಆಡಳಿತದಲ್ಲಿ ಕೊಲೆಗೀಡಾದ ರೋಮಾ ಜನರ ಸಂಖ್ಯೆಯನ್ನು ಎರಡು ಲಕ್ಷದಿಂದ ಐದು ಲಕ್ಷದವರೆಗೆ ಅಂದಾಜು ಮಾಡುತ್ತಾರೆ. ಫ್ರಾನ್ಸಿನಲ್ಲಿಯೂ ಸಾವಿರಾರು ಅಲೆಮಾರಿಗಳನ್ನು ಬೇಲಿಯೊಳಗೆ ಕೂಡಿಹಾಕಿದರು. ತನ್ನವರಿಗೆ ಈ ಗತಿ ಬಂದಿದ್ದಾಗ ಜಾಂಗೊ ಪ್ಯಾರಿಸಿನ ಸಭೆಗಳಲ್ಲಿ ನುಡಿಸುತ್ತಿದ್ದ, ಜರ್ಮನ್ ಅಧಿಕಾರಿಗಳೂ ಬಂದು ಕೇಳುತ್ತಿದ್ದರು. ಅವನನ್ನು ಕಾಪಾಡಿದ್ದು ಅವನ ಕೀರ್ತಿ. 1940ರಲ್ಲಿ ಅವನು ಧ್ವನಿಮುದ್ರಿಸಿದ ನುವಾಜ್, ಅಂದರೆ ಮೋಡಗಳು, ಎಂಬ ರಚನೆ ಪರತಂತ್ರವಾದ ಆ ನಗರದ ಜನರ ಮನಸ್ಸನ್ನು ಹಿಡಿಯಿತು. 1943ರಲ್ಲಿ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು ಹೋಗಲು ಯತ್ನಿಸಿ ಸಿಕ್ಕಿಬಿದ್ದ. ಸಂಗೀತಪ್ರಿಯನಾದ ಒಬ್ಬ ಜರ್ಮನ್ ಅಧಿಕಾರಿ ಬಿಟ್ಟುಕಳುಹಿಸಿದ್ದರಿಂದ ಬದುಕಿದ. ಕಲೆ ಅವನನ್ನು ಉಳಿಸಿತೆಂದು ನಾವು ಸಂತೋಷಪಡಬಹುದು. ಆದರೆ ಗಿಟಾರು ನುಡಿಸಲು ಬಾರದ ಮಿಕ್ಕವರು ಏನು ತಪ್ಪು ಮಾಡಿದ್ದರು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಡ್ಯೂಕ್ ಎಲಿಂಗ್‌ಟನ್ನನ ಮೇಳದೊಡನೆ ಅಮೆರಿಕ ಪ್ರವಾಸಕ್ಕೆ ಕರೆ ಬಂತು. ಜಾಂಗೊ ಗಿಟಾರನ್ನು ತೆಗೆದುಕೊಳ್ಳದೆ ಬರಿಗೈಯಲ್ಲಿ ಹೊರಟ. ಅಲ್ಲಿನ ಗಿಟಾರು ತಯಾರಕರು ತನಗೆ ಉಡುಗೊರೆ ಕೊಡಲು ಸಾಲುನಿಂತಾರೆಂದು ನಂಬಿದ್ದನಂತೆ. ಹಾಗಾಗಲಿಲ್ಲ. ಅಭ್ಯಾಸವಿಲ್ಲದ ವಿದ್ಯುತ್ ಗಿಟಾರನ್ನು ನುಡಿಸಬೇಕಾಯಿತು. ಕಾರ್ನೆಗಿ ಭವನದ ಎರಡನೆಯ ರಾತ್ರಿಯ ಕಚೇರಿಗೆ ಬಹಳ ತಡವಾಗಿ ಬಂದ. ಸಮಯಪಾಲನೆ, ಹಣದ ಲೆಕ್ಕ ಇವೆರಡೂ ಅವನಿಗೆ ಎಂದೂ ಒಗ್ಗಲಿಲ್ಲ. ಬಂದ ಹಣವನ್ನು ಜೂಜಿನಲ್ಲಿ ಕಳೆಯುತ್ತಿದ್ದ. ಇದನ್ನು ಮರೆಮಾಚುವುದು ಸರಿಯಲ್ಲ.

1951ರಲ್ಲಿ ಸೀನ್ ನದಿಯ ದಡದ ಸಾಮ್ವಾ ಎಂಬ ಊರಿನಲ್ಲಿ ನೆಲೆನಿಂತ. ಮೀನು ಹಿಡಿಯುವುದು, ಚಿತ್ರ ಬರೆಯುವುದು, ಬಿಲಿಯರ್ಡ್ಸ್ ಆಡುವುದು, ಮನಸ್ಸು ಬಂದಾಗ ಪ್ಯಾರಿಸಿಗೆ ಹೋಗಿ ನುಡಿಸುವುದು, ಹೀಗೆ ದಿನ ಸಾಗಿದವು. 1953ರ ಮೇ 16ರಂದು ಪ್ಯಾರಿಸಿನಿಂದ ಮರಳಿದವನು ಮಿದುಳಿನ ರಕ್ತಸ್ರಾವದಿಂದ ಕುಸಿದು ಅಂದೇ ತೀರಿಕೊಂಡ. ಆಗಿನ್ನೂ ನಲವತ್ತಮೂರು ವರ್ಷ. ಸೆಲ್ಮರ್ ಸಂಸ್ಥೆ ಗಿಟಾರು ಮಾಡುವುದನ್ನು ಅದಕ್ಕೆ ಒಂದು ವರ್ಷ ಮೊದಲೇ ನಿಲ್ಲಿಸಿತ್ತು. ಇಪ್ಪತ್ತು ವರ್ಷಗಳಲ್ಲಿ ಮಾಡಿದ್ದು ಒಟ್ಟು ಸಾವಿರಕ್ಕೂ ಕಡಿಮೆ. ಜಾಂಗೊವಿನ 503ನೆಯ ಸಂಖ್ಯೆಯ ಗಿಟಾರನ್ನು ಅವನ ವಿಧವೆ 1964ರಲ್ಲಿ ಪ್ಯಾರಿಸಿನ ವಾದ್ಯ ಸಂಗ್ರಹಾಲಯಕ್ಕೆ ಕೊಟ್ಟಳು.

ಸೆಲ್ಮರ್ ನಿಂತರೂ ವಾದ್ಯ ನಿಲ್ಲಲಿಲ್ಲ. ಮನೂಷ್ ಕುಟುಂಬಗಳಲ್ಲಿ ಮಕ್ಕಳು ತಂದೆ, ಚಿಕ್ಕಪ್ಪಂದಿರ ಕೈ ನೋಡಿ ಅದೇ ಮಾರ್ಗವನ್ನು ಕಲಿಯುತ್ತ ಬಂದರು. ಅವರಿಗೆ ಬೇಕಾದ ಗಿಟಾರುಗಳನ್ನು ಪ್ಯಾರಿಸಿನಲ್ಲಿ ಫಾವಿನೊ ಮೊದಲಾದವರು ತಮ್ಮ ಅಂಗಡಿಗಳಲ್ಲಿ ಕೈಯಾರೆ ಮಾಡಿಕೊಟ್ಟರು. ಇಂದು ಬೇರೆ ಬೇರೆ ದೇಶಗಳ ಕಸುಬುದಾರರು ಆ ಹಳೆಯ ಅಳತೆಯನ್ನೇ ಹಿಡಿದು ಮಾಡುತ್ತಾರೆ. ಕೊಳ್ಳುವವರು ನೋಡಬೇಕಾದದ್ದನ್ನು ನಾನು ವಿಚಾರಿಸಿ ತಿಳಿದ ಮಟ್ಟಿಗೆ ಹೇಳುತ್ತೇನೆ. ಮುಂದೆ ನಿಂತು ರಾಗ ನುಡಿಸುವವರು ಚಿಕ್ಕ ಬಾಯಿಯದನ್ನೂ ತಾಳ ಹಿಡಿಯುವವರು ದೊಡ್ಡ ಬಾಯಿಯದನ್ನೂ ಆರಿಸುವುದು ವಾಡಿಕೆ. ಕತ್ತು ನೆಟ್ಟಗಿದೆಯೇ, ಕುದುರೆ ಹಲಗೆಯ ಬಾಗಿಗೆ ಸಂದಿಲ್ಲದೆ ಕೂತಿದೆಯೇ ಎಂದು ನೋಡಬೇಕು. ಇನ್ನೊಬ್ಬರಿಂದ ನುಡಿಸಿ, ತಾನು ದೂರ ಹೋಗಿ ನಿಂತು ಕೇಳಬೇಕು. ಏಕೆಂದರೆ ಈ ವಾದ್ಯ ಹುಟ್ಟಿದ್ದೇ ದೂರದವನಿಗಾಗಿ. ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು. ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ. ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದಿನಲ್ಲಿ ಬೆಳಕು ಬರುತ್ತದೆ. ದಪ್ಪ ಹಲಗೆಯ ಪಾಡೇ ಹೀಗಾದರೆ, ತೆಳುವಾದ ಮೇಲು ಹಲಗೆಯ ಗತಿ ಏನೆಂದು ಊಹಿಸಬಹುದು. ಗಿಟಾರಿನ ಹಣದ ಜೊತೆಗೆ ಭದ್ರವಾದ ಪೆಟ್ಟಿಗೆಯ ಹಣವನ್ನೂ ಲೆಕ್ಕ ಹಾಕಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೇಟೆಯಾಡಿದಂತೆ ಅಟ್ಟಿದ ಜನರ ಹೆಸರು ಗಿಟಾರಿನ ಮೇಲೆ ಕೂತಾಗ ಅದರ ಬೆಲೆ ಏರುತ್ತದೆ. ಪ್ಯಾರಿಸಿನಲ್ಲಿ ಜಿಪ್ಸಿ ಎಂಬ ಮಾತು ಮನುಷ್ಯನಿಗೆ ಅಂಟಿದಾಗ ಪೊಲೀಸರ ಪುಸ್ತಕ ತೋರಿಸಬೇಕಾಗಿತ್ತು. ವಾದ್ಯಕ್ಕೆ ಅಂಟಿದಾಗ ಅದು ಅಲಂಕಾರವಾಯಿತು. ನಮ್ಮಲ್ಲಿಯೂ ಲಂಬಾಣಿ ಕಸೂತಿಯನ್ನು ಮೆಚ್ಚಿ ಕೊಂಡು ಗೋಡೆಗೆ ತೂಗುಹಾಕುವವರೆಲ್ಲ ತಾಂಡಾದ ಹುಡುಗನಿಗೆ ಪಟ್ಟಣದಲ್ಲಿ ಬಾಡಿಗೆ ಮನೆ ಕೊಟ್ಟಾರೆಂದು ಹೇಳಲು ಬರುವುದಿಲ್ಲ. ಮರದ ಬೆಲೆ, ಕಸುಬುದಾರನ ಕೂಲಿ ನ್ಯಾಯವಾದವು. ಕೈಕೆಲಸ ಮಾಡಿದವನಿಗೆ ಅವು ಸಲ್ಲಲೇಬೇಕು. ಆದರೆ ಹೆಸರಿನ ಋಣ ಹಣದಿಂದ ತೀರುವಂಥದಲ್ಲ. ಆ ಹೆಸರಿನ ಹಿಂದಿರುವ ಮನುಷ್ಯನನ್ನು ತಿಳಿದು, ಅವನಂಥವರು ನಮ್ಮ ನೆರೆಯಲ್ಲಿದ್ದರೆ ಅವರನ್ನೂ ಮನುಷ್ಯರೆಂದೇ ಕಾಣುವುದು ಅದನ್ನು ತೀರಿಸುವ ದಾರಿ.

ನಮ್ಮ ತಂದೆಯವರೊಡನೆ ಒಂದು ಒಪ್ಪಂದವಾಗಿದೆ. ಪದವಿ ಮುಗಿಸಿ ನಾನೇ ದುಡಿದ ಹಣದಿಂದ ಕೊಳ್ಳುವುದಾದರೆ ಅವರ ಅಡ್ಡಿಯಿಲ್ಲ. ಅಲ್ಲಿಯವರೆಗೆ ಗೆಳೆಯರೊಬ್ಬರು ಕೊಟ್ಟಿರುವ ಸಾಧಾರಣ ಗಿಟಾರಿನ ಮೇಲೆ ಜಾಂಗೊವಿನ ಒಂದೆರಡು ಪಾಠಗಳನ್ನು ಅಭ್ಯಾಸ ಮಾಡುತ್ತಿದ್ದೇನೆ. ನಾಲ್ಕು ಬೆರಳಿದ್ದೂ ಅವನ ಎರಡು ಬೆರಳಿನ ವೇಗದ ಕಾಲು ಭಾಗವೂ ಬಂದಿಲ್ಲ. ಹೀಗಿರುವಾಗ ಆ ದೊಡ್ಡ ಗಿಟಾರಿಗೆ ಅವಸರವೇನೂ ಇಲ್ಲ.